ಕೈ ಎತ್ಕೊಂಡೇ ಇರಪ್ಪ

ಪರದೆ ಮತ್ತೆ ಕಪ್ಪಾಯಿತು.

ಈಗಷ್ಟೇ ಅಲ್ಲಿ ಟೈಲರನ ಮಗಳ ಮುಖವಿತ್ತು. "ಅಪ್ಪಾ, ಒಂದು ಕೇಳ್ಲಾ? ಬೈಬಾರ್ದು," ಅಂದಿದ್ದಳು. ಅನ್ನುವಾಗಲೇ ಅವಳ ಕೆಳತುಟಿ ನಡುಗಿ ಕಣ್ಣು ತುಂಬಿಕೊಂಡಿತ್ತು. ಏನು ಕೇಳುತ್ತಾಳೋ ಎಂದು ಅವನು ಮುಂದಕ್ಕೆ ಬಾಗಿದ್ದೇ ತಡ, ಮುಖವೂ ಇಲ್ಲ, ದನಿಯೂ ಇಲ್ಲ. ಲ್ಯಾಪ್‌ಟಾಪಿನೊಳಗೆ ಗೊರಗೊರ ಎನ್ನುತ್ತಿದ್ದ ಫ್ಯಾನು ಕೂಡ ತೆಪ್ಪಗಾಯಿತು. ಕಪ್ಪು ಗಾಜಿನಲ್ಲಿ ಉಳಿದದ್ದು ಅವನದೇ ಮೂತಿ, ಬಾಯಿ ತೆರೆದುಕೊಂಡು.

"ಬೇಡ, ಬೇಡ, ಬೇಡ," ಎನ್ನುತ್ತ ಅವನು ಸ್ವಿಚ್ಚನ್ನು ಒತ್ತಿ ಹಿಡಿದ. ಹಾಗೆ ಒತ್ತಿ ಹಿಡಿದು, ಪೂರ್ತಿ ಆರಿಸಿ, ಮತ್ತೆ ಹಚ್ಚಬೇಕು ಎಂದು ರಿಪೇರಿಯವನು ಹೇಳಿಕೊಟ್ಟಿದ್ದ. ಹಳೆಯ ಯಂತ್ರ. ಅದು ಎದ್ದು, ಕಣ್ಣುಜ್ಜಿ, ಮೈಮುರಿದು ಬರುವಷ್ಟರಲ್ಲಿ ಕರೆಯ ಹೊತ್ತು ಮುಗಿದೇ ಹೋಗಿತ್ತು. ಪರದೆಯ ಮೇಲೆ ಮಗಳ ಹೆಸರಿನ ಪಕ್ಕ ಬೂದು ಬಣ್ಣದ ಚುಕ್ಕೆಯೊಂದು ಕೂತಿತ್ತು.

"ಹೋಯ್ತಾ?" ಅಂದಳು ಅಕ್ಕ, ಬಾಗಿಲಲ್ಲಿ ನಿಂತು.

"ಹೋಯ್ತು."

"ಅದನ್ನ ತಗೊಂಡೋಗಿ ಹೊಳೆಗೆ ಎಸಿ," ಅಂದಳು ಅಕ್ಕ. ಅಂದವಳು ತಾನೇ ಬಂದು ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ತಮ್ಮನ ಸಂಸಾರ ಮುರಿದಾಗಿನಿಂದ ಅವನ ಅಂಗಡಿಯ ಎರಡನೆಯ ಹೊಲಿಗೆ ಯಂತ್ರದ ಮೇಲೆ ಕೂತು, ಅವನಿಗೆ ಅನ್ನ ಬೇಯಿಸಿ, ಅದಕ್ಕೆ ಸಂಬಳವಾಗಿ ಅವನನ್ನು ಬಾಯಿತುಂಬ ಬೈಯುತ್ತಿದ್ದವಳು ಅವಳು.

ಮನೆ ಎಂದರೆ ಅಂಗಡಿಯೇ. ಮುಂದಿನ ಕೋಣೆಯಲ್ಲಿ ಎರಡು ಯಂತ್ರ, ಕತ್ತರಿಸುವ ಮೇಜು, ಇಸ್ತ್ರಿ ಮಾಡುವ ಹಲಗೆ. ಹಿಂದೆ ಅಡುಗೆಮನೆ ಮತ್ತು ಇನ್ನೊಂದು ಕೋಣೆ. ಆ ಇನ್ನೊಂದು ಕೋಣೆಗೆ ಅವನು ಹೊಸ ಬಣ್ಣ ಹೊಡೆದಿದ್ದ, ಕಿಟಕಿಗೆ ಹಳದಿ ಪರದೆ ಹೊಲಿದು ಹಾಕಿದ್ದ. ಒಂದು ಸಣ್ಣ ಮಂಚವನ್ನೂ ತಂದು ಹಾಕಿದ್ದ. ಮಗಳು ರಜಕ್ಕೆ ಬಂದರೆ ಮಲಗುವುದಕ್ಕೆ.

ಬಂದರೆ. ಎಲ್ಲವೂ ನಿಂತಿದ್ದು ಆ ಒಂದು ಮಾತಿನ ಮೇಲೆ.

ಮಗಳು, ಒಂಬತ್ತು ವರ್ಷದ ಚೂಟಿ, ಬೇರೆ ಊರಿನಲ್ಲಿ ಅಮ್ಮನ ಜೊತೆ ಇದ್ದಳು. ಅವಳನ್ನು ರಜಕ್ಕೆ ಅಪ್ಪನ ಬಳಿ ಕಳಿಸಬಹುದೇ ಎಂದು ತಿಳಿಯಲು ಕೋರ್ಟು ಒಬ್ಬ ಸಮಾಲೋಚಕಿಯನ್ನು ನೇಮಿಸಿತ್ತು. ಎಲ್ಲರೂ ಆಕೆಯನ್ನು ಮೇಡಂ ಎನ್ನುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಲ್ಯಾಪ್‌ಟಾಪಿನಲ್ಲಿ ಮುಖ ನೋಡಿಕೊಂಡು ಮಾತಾಡಬೇಕು. ಮೇಡಂ ತಮ್ಮ ಮುಖ ತೋರಿಸದೆ ಅದನ್ನು ನೋಡುತ್ತಿರುತ್ತಾರೆ. ಮಾತಾಡುವುದು ಮಗು ಬಂದು ಇರಬೇಕಾದ ಮನೆಯಿಂದಲೇ, ಕಚೇರಿ ಒಪ್ಪಿಗೆ ಕೊಟ್ಟ ಯಂತ್ರದಿಂದಲೇ ಆಗಬೇಕು. ಬೇರೆ ಯಂತ್ರಕ್ಕೆ ಒಪ್ಪಿಗೆ ಕೇಳಿದರೆ ಅದು ಸಿಗುವಷ್ಟರಲ್ಲಿ ರಜೆಯೇ ಮುಗಿದಿರುತ್ತದೆ. ಇನ್ನು ಫೋನಿನಲ್ಲಿ ಮಾತಾಡೋಣವೆಂದರೆ ಟೈಲರನ ಫೋನು ಗುಂಡಿ ಒತ್ತುವ ಕಾಲದ್ದು. ಅಕ್ಕನ ಫೋನು ಅದಕ್ಕೂ ಅಕ್ಕ.

ಮಧ್ಯಾಹ್ನ ಆ ಗುಂಡಿ ಫೋನು ಹೊಡೆದುಕೊಂಡಿತು. ಮೇಡಂ.

"ನೋಡಿ, ಕರೆ ಕಟ್ಟಾಗೋದು ಎಲ್ಲರ ಮನೇಲೂ ಇದ್ದಿದ್ದೇ. ಆದ್ರೆ ನಿಮ್ಮ ಮನೇಲಿ ಮಗು ಅಳೋಕೆ ಶುರು ಮಾಡಿದಾಗಲೇ ಕಟ್ಟಾಗುತ್ತೆ. ನೀವು ಕೈ ಮುಂದೆ ತರ್ತೀರ, ಕರೆ ಹೋಗುತ್ತೆ. ನಾನು ಕಣ್ಣಾರೆ ನೋಡಿದ್ದೀನಿ."

"ನಾನು ಕಟ್ ಮಾಡ್ತಿಲ್ಲ ಮೇಡಂ. ಸತ್ಯವಾಗ್ಲೂ. ಲ್ಯಾಪ್‌ಟಾಪ್ ಕೆಟ್ಟಿದೆ. ಅದರ ಗ್ರಾಫಿಕ್ಸ್ ಚಿಪ್ಪು..."

"ಅದನ್ನ ಮಗೂಗೆ ನೀವೇ ಹೇಳಿ. ಅವಳಮ್ಮ ಒಂದು ಮಾತು ಹೇಳಿದ್ರು. ಮಾತು ಸ್ವಲ್ಪ ಭಾರ ಆದ್ರೆ ಈ ಮನುಷ್ಯ ಎದ್ದು ಹೋಗ್ತಾರೆ, ಮೊದಲಿಂದಲೂ ಹಾಗೇನೇ ಅಂತ."

ಅದು ನಿಜ. ಹೆಂಡತಿ "ಸ್ವಲ್ಪ ಕೂತ್ಕೊಳ್ಳಿ, ಮಾತಾಡೋದಿದೆ" ಎಂದಾಗಲೆಲ್ಲ ಅವನಿಗೆ ಎಲ್ಲಿಲ್ಲದ ಅರ್ಜೆಂಟ್ ಹೊಲಿಗೆ ನೆನಪಾಗುತ್ತಿತ್ತು. ಯಂತ್ರದ ಮೇಲೆ ಕೂತು ಪೆಡಲು ಒತ್ತಿದರೆ ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಹೀಗೆ ಕೇಳಿಸಿಕೊಳ್ಳದೆ ಕೇಳಿಸಿಕೊಳ್ಳದೆ ಒಂದು ದಿನ ಮನೆ ಖಾಲಿಯಾಗಿತ್ತು.

"ಬರೋ ಭಾನುವಾರದ ಕರೆ ನೋಡಿ ನಾನು ವರದಿ ಕೊಡ್ಬೇಕು," ಅಂದರು ಮೇಡಂ. "ಮತ್ತೆ ಹೀಗೇ ಆದ್ರೆ ರಜಕ್ಕೆ ಕಳಿಸಿ ಅಂತ ನಾನು ಹೇಗೆ ಬರೀಲಿ? ನೀವೇ ಹೇಳಿ."

ಮರುದಿನ ಬೆಳಿಗ್ಗೆ ಅವನು ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ರಿಪೇರಿ ಅಂಗಡಿಗೆ ಹೋದ. ಆ ಬೀದಿಯಲ್ಲಿ ರಿಪೇರಿಯವನಿಗೆ ಡಾಕ್ಟರ್ ಎಂದೇ ಹೆಸರು. ಬಾಗಿಲಿನಷ್ಟೇ ಅಗಲದ ಅಂಗಡಿ, ಒಳಗೆ ಹೊಟ್ಟೆ ಬಗೆದ ಯಂತ್ರಗಳು, ಸುಟ್ಟ ವೈರಿನ ವಾಸನೆ.

"ಮತ್ತೆ ಬಂದ್ರಾ?" ಅಂದ ಡಾಕ್ಟರ್. ಅವನ ದನಿಯಲ್ಲಿ ಬೇಸರವಿರಲಿಲ್ಲ, ಒಂದು ಬಗೆಯ ಸೋಲಿತ್ತು. ಮೊದಲ ಸಲ ಅವನು ಯಂತ್ರದ ಬೆನ್ನು ಬಿಚ್ಚಿದಾಗ ಫ್ಯಾನಿನ ಬಾಯಿಗೆ ದಾರದ ಚೂರು, ಬಟ್ಟೆಯ ಜೂಲು ಎಲ್ಲ ಸೇರಿ ಹಾಸಿಗೆಯೇ ಆಗಿತ್ತು. "ಇದಕ್ಕೊಂದು ದಿಂಬು ಹೊಲಿದುಬಿಡಿ," ಎಂದು ನಕ್ಕು, ಎಲ್ಲ ತೆಗೆದು ಚೊಕ್ಕಟ ಮಾಡಿ, ಚಿಪ್ಪಿಗೆ ತಂಪಿನ ಪೇಸ್ಟು ಹಚ್ಚಿ ಕೊಟ್ಟಿದ್ದ. ಎರಡನೆಯ ಸಲ ಒಳಗಿನ ಸಾಫ್ಟ್‌ವೇರೆಲ್ಲ ಅಳಿಸಿ ಹೊಸದಾಗಿ ಹಾಕಿದ್ದ. ಮೂರನೆಯ ಸಲ ಪರದೆಯ ಕೇಬಲ್ಲು ಬದಲಾಯಿಸಿದ್ದ. ಪ್ರತಿ ಸಲವೂ ಟೈಲರ್ ಈ ಬಾರಿ ಸರಿಹೋಯಿತು ಎಂದು ಕುಣಿದುಕೊಂಡು ಮನೆಗೆ ಹೋಗಿದ್ದ, ಭಾನುವಾರ ನೆಲಕ್ಕೆ ಬಿದ್ದಿದ್ದ.

ಡಾಕ್ಟರ್ ಈಗ ಅದರಲ್ಲಿ ಎರಡು ವಿಡಿಯೋ ಒಟ್ಟಿಗೆ ಓಡಿಸಿದ. ಚಿಪ್ಪಿಗೆ ಬೆವರಿಳಿಸುವ ಪರೀಕ್ಷೆಯೊಂದನ್ನು ಹಾಕಿದ, ಪರದೆಯ ತುಂಬ ಬಣ್ಣದ ಉಂಗುರಗಳು ತಿರುಗಿದವು. ಬೇರೆ ಪರದೆಗೆ ಜೋಡಿಸಿ ನೋಡಿದ. ಯಂತ್ರ ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಮಾಡಿತು.

"ನೋಡಿ, ನನ್ನ ಕೈಯಲ್ಲಿ ಎಷ್ಟು ಸಾಧು. ನಿಮ್ಮ ಮನೆಗೆ ಹೋದ್ರೆ ರಂಪ."

"ಮಗಳ ಜೊತೆ ಮಾತಾಡುವಾಗ ಮಾತ್ರ ಹೋಗುತ್ತೆ. ಬೇರೆ ಹೊತ್ತಲ್ಲಿ ಡಿಸೈನು ಗಿಸೈನು ನೋಡ್ತೀನಿ, ಏನೂ ಆಗಲ್ಲ."

"ಅದಕ್ಕೇ ಹೇಳಿದ್ದು, ಗ್ರಾಫಿಕ್ಸ್ ಚಿಪ್ಪು ಅಂತ. ವಿಡಿಯೋ ಕರೆ ಅಂದ್ರೆ ಅದಕ್ಕೆ ಹೊರೆ ಜಾಸ್ತಿ. ಒಳಗೆ ಬೆಸುಗೆ ಎಲ್ಲೋ ಕೂದಲೆಳೆಯಷ್ಟು ಬಿಟ್ಕೊಂಡಿರುತ್ತೆ. ಬಿಸಿ ಆದಾಗ ಕಚ್ಕೊಂಡಿರಲ್ಲ, ಬಿಡುತ್ತೆ." ಡಾಕ್ಟರ್ ಬೆನ್ನಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲಿಟ್ಟ. ಆಮೇಲೆ ಹುಡುಕತೊಡಗಿದ. "ಒಂದು ಸ್ಕ್ರೂ ಎಲ್ಲೋಯ್ತು? ಈಗ ಇಲ್ಲೇ ಇತ್ತಲ್ಲ."

ಇಬ್ಬರೂ ಮೇಜಿನ ಕೆಳಗೆ ಬಗ್ಗಿ ನೋಡಿದರು. ಸ್ಕ್ರೂ ಮಂಗಮಾಯ. ಕೊನೆಗೆ ಡಾಕ್ಟರನ ಕಣ್ಣು ಟೈಲರನ ಎಡಗೈ ಮಣಿಕಟ್ಟಿನ ಮೇಲೆ ಬಿತ್ತು. ಅಲ್ಲಿ ಕೆಂಪು ಉಣ್ಣೆಬಟ್ಟೆಯ ಒಂದು ಹೂವು, ಹೂವಿನ ಮೇಲೆ ಮುಳ್ಳುಹಂದಿಯ ಹಾಗೆ ಗುಂಡುಸೂಜಿಗಳು, ಅವುಗಳ ನಡುವೆ ಕಳೆದುಹೋದ ಸ್ಕ್ರೂ.

"ನಿಮ್ಮ ಹೂವು ಭಾರೀ ಕಳ್ಳ ಕಣ್ರೀ!"

ಟೈಲರ್ ನಕ್ಕ. ಬಹಳ ದಿನದ ಮೇಲೆ ನಕ್ಕ. "ಮಗಳು ಮಾಡಿಕೊಟ್ಟಿದ್ದು. ನಾನು ಸೂಜಿ ಬಾಯಲ್ಲಿ ಕಚ್ಕೊಂಡಿರ್ತೀನಿ ಅಂತ ಅವಳಿಗೆ ಹೆದ್ರಿಕೆ, ನುಂಗಿಬಿಟ್ರೆ ಅಂತ. ಕೈಚೀಲಕ್ಕೆ ಹಾಕೋ ಅಯಸ್ಕಾಂತದ ಗುಂಡಿ ಇರ್ತವಲ್ಲ, ಅದನ್ನ ಒಳಗಿಟ್ಟು ಹೊಲಿದಿದ್ದಾಳೆ. ಒಂದು ಸಾಲ್ದು ಅಂತ ಮೂರು ಇಟ್ಟಿದ್ದಾಳೆ." ಹೊಲಿಗೆ ಸೊಟ್ಟಪಟ್ಟ, ಒಂದು ದಳ ದೊಡ್ಡದು ಒಂದು ಚಿಕ್ಕದು. ಊರಿಗೆಲ್ಲ ನೇರ ಹೊಲಿಯುವವನು ಆ ಸೊಟ್ಟ ಹೊಲಿಗೆಯ ಒಂದೆಳೆಯನ್ನೂ ತಿದ್ದಿರಲಿಲ್ಲ. ಅವಳು ಹೋದ ದಿನದಿಂದ ಸ್ನಾನಕ್ಕೆ ಬಿಟ್ಟರೆ ಇನ್ಯಾವುದಕ್ಕೂ ಅದನ್ನು ಬಿಚ್ಚಿರಲೂ ಇಲ್ಲ.

ಡಾಕ್ಟರ್ ಸ್ಕ್ರೂ ಕಿತ್ತುಕೊಂಡು ಮತ್ತೆ ಗಂಭೀರನಾದ. "ಉಳಿದಿರೋದು ಒಂದೇ ದಾರಿ. ಚಿಪ್ಪಿಗೆ ಬಿಸಿಗಾಳಿ ಹೊಡೆದು ಬೆಸುಗೆ ಮತ್ತೆ ಕೂರಿಸ್ಬೇಕು. ಬದುಕಿದ್ರೆ ಬದುಕ್ತು. ಇಲ್ಲಾಂದ್ರೆ ಅಲ್ಲಿಗೆ ಮುಗೀತು, ಹಲಗೆ ಮಾಡ್ಕೊಂಡು ತರಕಾರಿ ಹೆಚ್ಬಹುದು. ಯೋಚನೆ ಮಾಡಿ ಹೇಳಿ."

ಯೋಚಿಸಲು ಅವನು ಮನೆಗೆ ಹೋಗಲಿಲ್ಲ. ಅಂಗಡಿಯ ಹೊರಗಿನ ಮೆಟ್ಟಿಲ ಮೇಲೆ ಕೂತ. ಬೀದಿಯಲ್ಲಿ ಜನ ತಮ್ಮ ಪಾಡಿಗೆ ಓಡಾಡುತ್ತಿದ್ದರು, ಒಬ್ಬ ತಂದೆ ಸೈಕಲ್ಲಿನ ಹಿಂದೆ ಮಗುವನ್ನು ಕೂರಿಸಿಕೊಂಡು ಹೋದ. ಯಂತ್ರ ಸತ್ತರೆ ಕರೆಯೇ ಇಲ್ಲ, ಕರೆಯಿಲ್ಲದಿದ್ದರೆ ಮಗಳಿಲ್ಲ. ಸಾಯಲಿಲ್ಲವೆಂದರೂ ಭಾನುವಾರ ಮತ್ತೆ ಕಪ್ಪಾದರೆ ಆಗಲೂ ಮಗಳಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ತಿನ್ನುತ್ತಿದ್ದದ್ದು ಬೇರೆಯೇ. ಅಷ್ಟು ದೂರದಲ್ಲಿ ಕೂತ ಆ ಮಗು ಕಣ್ಣಲ್ಲಿ ನೀರು ತುಂಬಿಕೊಂಡು ಕಪ್ಪು ಪರದೆ ನೋಡುತ್ತ ಏನೆಂದುಕೊಳ್ಳುತ್ತಿರಬಹುದು? ಇವನ ಗ್ರಹಚಾರ ನೋಡಿ. ಎದ್ದು ಹೋಗುವುದನ್ನು ಬಿಟ್ಟು ಕೂತು ಕೇಳುತ್ತೇನೆ ಎಂದು ಕೊನೆಗೂ ತೀರ್ಮಾನಿಸಿದಾಗ, ಇವನ ಪರವಾಗಿ ಯಂತ್ರವೇ ಎದ್ದು ಹೋಗುತ್ತಿತ್ತು.

ಅವನು ಒಳಗೆ ಬಂದು, "ಮಾಡಿ," ಅಂದ.

ಬಿಸಿಗಾಳಿಯ ಪಿಸ್ತೂಲು ಬುಸುಗುಟ್ಟುತ್ತಿದ್ದಷ್ಟು ಹೊತ್ತೂ ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಯಂತ್ರ ಬದುಕಿತು. ಡಾಕ್ಟರ್ ಅದನ್ನು ವಾರವಿಡೀ ಅಂಗಡಿಯಲ್ಲಿ ಓಡಿಸಿ ನೋಡಿ, ಶನಿವಾರ ಸಂಜೆ ಕೈಗೆ ಕೊಟ್ಟ. "ಒಂದು ವಿಷಯ. ಇನ್ನೊಂದು ಸಲ ಹೋದ್ರೆ ಚಿಪ್ಪು ತೀರ್ಕೊಂಡಿದೆ ಅಂತಾನೇ ಲೆಕ್ಕ. ಆಮೇಲೆ ಸ್ವಿಚ್ ಒತ್ತಿ ಏನೂ ಪ್ರಯೋಜನ ಇಲ್ಲ. ಬಿಟ್ಟುಬಿಡಿ."

ಭಾನುವಾರ ಅಕ್ಕ ಎರಡೂ ಹೊಲಿಗೆ ಯಂತ್ರಗಳಿಗೆ ಬಟ್ಟೆ ಹೊದಿಸಿ, ಬಾಗಿಲಿಗೆ ಚಿಲಕ ಹಾಕಿ, ಮೇಜಿನ ಫ್ಯಾನನ್ನು ಲ್ಯಾಪ್‌ಟಾಪಿನ ಕಡೆಗೆ ತಿರುಗಿಸಿದಳು. "ನಂಗೆ ಸೆಖೆ ಆದಾಗ ಯಾರೂ ಹೀಗೆ ಫ್ಯಾನ್ ತಿರುಗಿಸ್ಲಿಲ್ಲ," ಎಂದು ಗೊಣಗಿದಳು. ಲ್ಯಾಪ್‌ಟಾಪಿನ ನಾಲ್ಕು ಮೂಲೆಗೂ ದಾರದ ಉಂಡೆಗಳನ್ನಿಟ್ಟು ಗಾಳಿಯಾಡುವಂತೆ ಎತ್ತರಿಸಿದ್ದರು. ಟೈಲರ್ ಜೀವ ಕೈಯಲ್ಲಿ ಹಿಡಿದು ಕೂತ.

ಚೂಟಿಯ ಮುಖ ಬಂತು. ಒಂದು ಪಕ್ಕದಲ್ಲಿ ಮೇಡಂ ಇದ್ದಾರೆನ್ನುವ ಖಾಲಿ ಚೌಕ.

"ಚೆನ್ನಾಗಿದ್ದೀಯಾ ಚೂಟಿ?"

"ಹೂಂ."

"ಊಟ ಆಯ್ತಾ?"

"ಹೂಂ. ಅತ್ತೆ ಹೇಗಿದ್ದಾರೆ?"

"ಬೈತಿದ್ದಾಳೆ. ಅಂದ್ರೆ ಚೆನ್ನಾಗಿದ್ದಾಳೆ."

ಅವಳು ನಗಲಿಲ್ಲ. ಮಾತು ಶಾಲೆಯ ಬಗ್ಗೆ ಹೋಯಿತು, ಗೆಳತಿಯೊಬ್ಬಳು ಕೈ ಮುರಿದುಕೊಂಡ ಬಗ್ಗೆ ಹೋಯಿತು. ಅವನು ಬೆನ್ನು ನೆಟ್ಟಗೆ ಮಾಡಿ, ಯಂತ್ರಕ್ಕೆ ನೋವಾದೀತೆಂಬಂತೆ ಉಸಿರೂ ಜೋರಾಗಿ ಬಿಡದೆ ಕೂತಿದ್ದ. ಹೊತ್ತು ಸರಿಯುತ್ತಿತ್ತು, ಪರದೆ ಬೆಳಗುತ್ತಲೇ ಇತ್ತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಆಗ ಅವಳು ಅಂಗಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅಪ್ಪಾ, ಅವತ್ತು ಒಂದು ಕೇಳ್ಬೇಕು ಅಂದಿದ್ನಲ್ಲ," ಎಂದಳು. ದನಿ ಒಡೆಯಿತು. ಉಳಿದದ್ದು ಕೇಳಿಸಲಿಲ್ಲ.

"ಏನಮ್ಮಾ? ಕೇಳಿಸ್ಲಿಲ್ಲ," ಎಂದು ಅವನು ಎಡಗೈಯನ್ನು ಲ್ಯಾಪ್‌ಟಾಪಿನ ಮೂಲೆಗೆ ಊರಿ, ಕಿವಿ ಹತ್ತಿರ ತಂದ.

ಪರದೆ ಕಪ್ಪಾಯಿತು.

ಅವನು ಸ್ವಿಚ್ಚಿನ ಕಡೆ ಕೈ ಚಾಚಲಿಲ್ಲ. ಡಾಕ್ಟರ್ ಹೇಳಿದ್ದನಲ್ಲ, ಸತ್ತದ್ದನ್ನು ಒತ್ತಿ ಫಲವಿಲ್ಲ. ಹಿಂದೆ ಅಕ್ಕ "ಅಯ್ಯೋ" ಅಂದದ್ದು ಕೇಳಿಸಿತು. ಅವನ ಒಳಗೆ ಇಷ್ಟು ದಿನ ಹೇಗೋ ಹೊಲಿದು ಹಿಡಿದಿಟ್ಟಿದ್ದೆಲ್ಲ ಒಮ್ಮೆಗೇ ಬಿಟ್ಟುಕೊಂಡಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅವನು ಅತ್ತ. ಸಣ್ಣ ಮಕ್ಕಳ ಹಾಗೆ, ಸದ್ದು ಮಾಡಿ ಅತ್ತ. ಹೆಂಡತಿ ಮನೆ ಬಿಟ್ಟು ಹೋದ ದಿನ ಕೂಡ ಅವನು ಹಾಗೆ ಅತ್ತಿರಲಿಲ್ಲ. ಅಂದು ಯಂತ್ರದ ಪೆಡಲು ಒತ್ತಿಕೊಂಡೇ ಇದ್ದ.

"ಅಪ್ಪಾ?"

ಕಿವಿಯೇ ಕೂಗುತ್ತಿದೆ ಎಂದುಕೊಂಡ.

"ಅಪ್ಪಾ, ಅಳ್ತಿದ್ದೀಯಾ?"

ಅವನು ಕೈ ಸರಿಸಿ ನೋಡಿದ. ಪರದೆಯ ತುಂಬ ಚೂಟಿಯ ಮುಖ. ಕೆನ್ನೆಯ ಮೇಲೆ ನೀರಿತ್ತು, ಆದರೆ ಅಪ್ಪ ಅಳುವುದನ್ನು ಕಂಡ ಬೆರಗಿನಲ್ಲಿ ಅವಳ ಅಳು ನಿಂತುಬಿಟ್ಟಿತ್ತು.

"ಬಂತು," ಅಂದಳು ಅಕ್ಕ, ಬಾಯಿಗೆ ಕೈ ಇಟ್ಟುಕೊಂಡು. "ತಾನಾಗೇ ಬಂತು ಕಣೋ!"

"ಎಲ್ಲಿಗೆ ಹೋಗಿದ್ದೆ ಅಪ್ಪಾ?"

"ನಾನೆಲ್ಲೂ ಹೋಗಿಲ್ಲ ಕಣೇ. ಇಲ್ಲೇ ಕೂತಿದ್ದೆ."

"ಸುಳ್ಳು. ಕೈ ತಂದು ಮುಚ್ಚಿಬಿಟ್ಟೆ. ಪ್ರತಿ ಸಲನೂ ಹಾಗೇ ಮಾಡ್ತೀಯ." ಅವಳ ಮಾತಿನಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ನಂಗೆ ಕೊನೇಲಿ ಕಾಣ್ಸೋದು ಆ ಹೂವೇ. ಹೂವು ಕೆಳಗೆ ಬರುತ್ತೆ, ನೀನು ಹೋಗ್ಬಿಡ್ತೀಯ."

ಟೈಲರ್ ತನ್ನ ಮಣಿಕಟ್ಟು ನೋಡಿಕೊಂಡ. ಕೆಂಪು ಹೂವು, ನೆಟ್ಟಗೆ ನಿಂತ ಗುಂಡುಸೂಜಿಗಳು. ಆ ಸೂಜಿಗಳ ನಡುವೆ ಅಂದು ಹೊಳೆಯುತ್ತಿದ್ದ ಸ್ಕ್ರೂ ನೆನಪಾಯಿತು. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವನು ಹೇಳಿದ್ದ ಇನ್ನೊಂದು ಮಾತೂ ನೆನಪಾಯಿತು. ಮುಚ್ಚಳದೊಳಗೆ ಸಣ್ಣ ಅಯಸ್ಕಾಂತ ಇದೆ, ಮುಚ್ಚಿದ ಕೂಡಲೇ ಇದಕ್ಕೆ ಗೊತ್ತಾಗಿ ತಾನೇ ಮಲಗುತ್ತದೆ ಎಂದಿದ್ದ. ಆಗ ಅದು ಯಾರಿಗೆ ಬೇಕಿತ್ತು?

"ಚೂಟಿ, ಎಲ್ಲೂ ಹೋಗ್ಬೇಡ. ನೋಡ್ತಿರು," ಎಂದು ಅವನು ಹೂವಿನ ಕೈಯನ್ನು ನಿಧಾನವಾಗಿ ಇಳಿಸಿದ. ಲ್ಯಾಪ್‌ಟಾಪಿನ ಮೂಲೆ ಮುಟ್ಟುತ್ತಲೇ ಪರದೆ ಕಪ್ಪಾಯಿತು. ಕೈ ಎತ್ತಿದ. ಉಸಿರು ಬಿಗಿಹಿಡಿದು ಕಾದ. ಫ್ಯಾನು ಗೊರಗುಟ್ಟಿತು, ಬೆಳಕು ಬಂತು, ಒಂದಿಷ್ಟು ಹೊತ್ತಿಗೆ ಚೂಟಿಯೂ ಬಂದಳು. ಸತ್ತಿದ್ದು ಚಿಪ್ಪೂ ಅಲ್ಲ, ಗಿಪ್ಪೂ ಅಲ್ಲ. ಮಗಳ ಹತ್ತಿರ ಬರಲು ಇವನು ಕೈ ಊರಿದಾಗಲೆಲ್ಲ, ಮುಚ್ಚಳ ಮುಚ್ಚಿದರು ಎಂದುಕೊಂಡು ಆ ಪಾಪದ ಯಂತ್ರ ನಿದ್ದೆ ಹೋಗುತ್ತಿತ್ತು. ಅದು ಕಣ್ಣು ಬಿಡುವ ಮೊದಲೇ ಇವನು ಸ್ವಿಚ್ಚು ಒತ್ತಿ ಅದರ ಕತ್ತು ಹಿಸುಕುತ್ತಿದ್ದ.

"ಇದರ ಅಯಸ್ಕಾಂತ ಕಣೇ! ಇದು ಹತ್ತಿರ ಬಂದ್ರೆ ಲ್ಯಾಪ್‌ಟಾಪ್ ಮಲಗಿಬಿಡುತ್ತೆ! ನಾನು ಮುಚ್ತಿರ್ಲಿಲ್ಲ. ನಿನ್ನ ಮಾತು ಕೇಳ್ಸಲಿ ಅಂತ ಹತ್ರ ಬರ್ತಿದ್ದೆ, ಅಷ್ಟೇ."

ಚೂಟಿಯ ಮುಖ ಸಣ್ಣದಾಯಿತು. "ಹಾಗಾದ್ರೆ ನಾನು ಹೊಲಿದಿದ್ದರಿಂದಲೇ..."

"ಅಲ್ಲ. ಬಿಚ್ಚದೇ ಇಟ್ಕೊಂಡಿದ್ನಲ್ಲ ನಾನು, ಅದರಿಂದ," ಎಂದು ಅವನು ಹಲ್ಲಿನಿಂದ ಗಂಟು ಎಳೆದು ಹೂವನ್ನು ಬಿಚ್ಚಿದ. ಕೈ ಮೇಲೆ ಅದರ ಜಾಗ ಬೆಳ್ಳಗೆ ಉಳಿದಿತ್ತು. ಅಕ್ಕ ಅದನ್ನು ಎರಡು ಬೆರಳಲ್ಲಿ ಹಿಡಿದು, ಸಿಡಿಯುವ ವಸ್ತುವನ್ನು ಒಯ್ಯುವವಳಂತೆ ಅಡುಗೆಮನೆಗೆ ಒಯ್ದಳು.

ಟೈಲರ್ ಎರಡೂ ಕೈಯನ್ನು ಲ್ಯಾಪ್‌ಟಾಪಿನ ಮೇಲಿಟ್ಟು, ಮೂಗು ತಾಗುವಷ್ಟು ಬಾಗಿದ. ಪರದೆ ಕದಲಲಿಲ್ಲ. "ಈಗ ಕೇಳು. ಏನು ಕೇಳ್ಬೇಕು ಅಂತಿದ್ದೆ?"

ಚೂಟಿ ಅಂಗಿಯ ಅಂಚು ನೋಡುತ್ತ ಹೇಳಿದಳು. "ಜಡ್ಜು ನಂಗೆ ಕೇಳಿದ್ರಲ್ಲ, ಯಾರ ಜೊತೆ ಇರ್ತೀಯ ಅಂತ. ನಾನು ಅಮ್ಮ ಅಂದೆ. ಅದಕ್ಕೆ ನಿಂಗೆ ನನ್ನ ಮೇಲೆ ಕೋಪನಾ?"

ಅವನ ಕಾಲು ತಾನಾಗಿ ಮೇಜಿನ ಕೆಳಗೆ ಪೆಡಲು ಹುಡುಕಿತು. ಅಲ್ಲಿ ಪೆಡಲು ಇರಲಿಲ್ಲ. ಇನ್ನು ನೆಪ ಹೇಳಲು ಕೆಟ್ಟ ಚಿಪ್ಪೂ ಇರಲಿಲ್ಲ. ಅವನು ಎದ್ದು ಹೋಗಲಿಲ್ಲ.

"ನೋವಾಯ್ತು," ಅಂದ. "ತುಂಬ ನೋವಾಯ್ತು ಚೂಟಿ. ಆದ್ರೆ ಕೋಪ ಬರ್ಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಅಮ್ಮ ಅಂತಾನೇ ಅಂತಿದ್ದೆ. ಅಪ್ಪ ಮಾತೇ ಆಡ್ತಿರ್ಲಿಲ್ಲವಲ್ಲ."

ಚೂಟಿ ಅತ್ತಳು. ಇಷ್ಟು ವಾರಗಳಿಂದ ಅರ್ಧಕ್ಕೆ ಕಡಿದುಹೋಗುತ್ತಿದ್ದ ಅಳು ಪೂರ್ತಿಯಾಗಿ ಬಂತು. ಅವನು ಬಾಗಿಕೊಂಡೇ ಇದ್ದ. ಅಳಬೇಡ ಎನ್ನಲಿಲ್ಲ, "ಇಲ್ಲೇ ಇದ್ದೀನಿ" ಎಂದಷ್ಟೇ ಮತ್ತೆ ಮತ್ತೆ ಅಂದ.

ಖಾಲಿ ಚೌಕದಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಮೇಡಂ ಮೊದಲ ಸಲ ಕರೆಯ ನಡುವೆ ಮಾತಾಡಿದರು. "ಸಮಯ ಮುಗಿದು ಆಗ್ಲೇ ತುಂಬ ಹೊತ್ತಾಯ್ತು. ನಾನೇ ಸುಮ್ಮನಿದ್ದೆ. ಪುಟ್ಟಾ, ಕರೆ ಯಾಕೆ ಕಟ್ಟಾಗ್ತಿತ್ತು ಅಂತ ಬರೀಲಿ?"

"ಹೂವು ಅಂತ ಬರೀರಿ," ಅಂದಳು ಚೂಟಿ, ಮೂಗೊರೆಸಿಕೊಂಡು.

"ಆಗ್ಲಿ. ರಜಕ್ಕೆ ಹೋಗಿ ಬರ್ಬಹುದು ಅಂತಾನೂ ಬರೀತೀನಿ."

ಅಡುಗೆಮನೆಯಲ್ಲಿ ಅಕ್ಕ ಏನನ್ನೋ ದಢಾರನೆ ಬೀಳಿಸಿದಳು. ಟೈಲರ್ ತಲೆಯಾಡಿಸುತ್ತ ಕೂತ. ಕೊನೆಗೆ "ಸರಿ, ಇಡ್ಲಾ ಮರೀ?" ಎಂದು ಬೆರಳು ಮುಂದೆ ತಂದ.

"ಬೇಡ!" ಚೂಟಿ ಕಿರುಚಿದಳು. "ನೀನು ಏನೂ ಮುಟ್ಬೇಡ. ಈ ಸಲ ನಾನೇ ಕಟ್ ಮಾಡ್ತೀನಿ. ನೀನು ಕೈ ಎತ್ಕೊಂಡೇ ಇರಪ್ಪ."

ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳನ ಹಾಗೆ ಟೈಲರ್ ಎರಡೂ ಕೈ ಮೇಲೆತ್ತಿ ಕೂತ. ಚೂಟಿ ಅವನನ್ನು ನೋಡುತ್ತ ಇದ್ದಳು. ಅವನ ತೋಳು ನೋಯತೊಡಗಿತು, ಆದರೂ ಇಳಿಸಲಿಲ್ಲ. ಅವಳಿಗೆ ಕಟ್ ಮಾಡಲು ಏನೂ ಅವಸರವಿರಲಿಲ್ಲ.